ಎಂಟು ಮಡಿಕೆಯ ಕುದುರೆ ಸವಾರ

'ಸ್ವಲ್ಪ ನೋಡ್ಕೋ' ಎಂಬ ಎರಡು ಪದ ಇಷ್ಟು ದುಬಾರಿಯಾದೀತೆಂದು ದಾಖಲೆ ಕೋಣೆಯ ಗುಮಾಸ್ತನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ ತನ್ನ ಪೋಸ್ಟರನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಹೆಂಡತಿಗೆ ಆ ಮಾತು ಹೇಳಿ ಹೋದ. ಗಾಳಿಗೆ ಹಾರದ ಹಾಗೆ, ಬೆಕ್ಕು ಹತ್ತದ ಹಾಗೆ ಕಾಯುತ್ತಿರು ಎಂದು ಅವನ ಅರ್ಥ. ಇದನ್ನೊಂದಿಷ್ಟು ನೆಟ್ಟಗೆ ಮಾಡು ಎಂದು ಅವಳು ಮಾಡಿಕೊಂಡ ಅರ್ಥ.

ಪೋಸ್ಟರು ಅವನಿಗಿಂತ ಹಳೆಯದು. ಕೌಬಾಯ್ ಸಿನಿಮಾದ್ದು. ಆ ಕಾಲದಲ್ಲಿ ಫೋಟೋ ಹಾಕುತ್ತಿರಲಿಲ್ಲ, ಚಿತ್ರಕಾರನೇ ಕುಂಚ ಹಿಡಿದು ಬರೆಯುತ್ತಿದ್ದ: ಕೆಂಪು ಆಕಾಶ, ಮುಂಗಾಲೆತ್ತಿದ ಕುದುರೆ, ಹೊಗೆಯಾಡುವ ಪಿಸ್ತೂಲು, ಟೋಪಿಯ ನೆರಳಲ್ಲಿ ಅರ್ಧ ಮುಖ. ಊರಿನ ಟಾಕೀಸು ಮುಚ್ಚಿದ ದಿನ ಅಲ್ಲಿನ ಆಪರೇಟರು ಇವನ ಕೈಗೆ ಕೊಟ್ಟದ್ದು. ಅದೇ ವರ್ಷ ಇವನು ಪರೀಕ್ಷೆಯಲ್ಲಿ ಫೇಲು. 'ನೀನು ದನ ಕಾಯೋಕೇ ಲಾಯಕ್ಕು' ಎಂದು ಅಪ್ಪ ಬೈದಾಗಲೆಲ್ಲ ಪೋಸ್ಟರು ಬಿಚ್ಚಿ ನೋಡಿ, ದನ ಕಾಯುವವರಿಗೂ ಇಂಥ ಟೋಪಿ, ಇಂಥ ಕುದುರೆ ಸಿಗುವುದುಂಟು ಎಂದು ಸಮಾಧಾನ ಪಡುತ್ತಿದ್ದ. ಆಮೇಲೆ ಸಿಕ್ಕಿದ್ದು ಧೂಳು ಹಿಡಿದ ಕಡತಗಳು, ಮೂವತ್ತು ವರ್ಷ. ಇದು ನನ್ನದು ಎಂದು ನಾಲ್ಕು ಜನಕ್ಕೆ ತೋರಿಸಲು ಅವನಲ್ಲಿ ಇದ್ದದ್ದು ಇದೊಂದೇ.

ಅಂದು ಪುರಭವನದಲ್ಲಿ ಹಳೆಯ ಪೋಸ್ಟರುಗಳ ಪ್ರದರ್ಶನ. ಸಂಜೆ ಐದರೊಳಗೆ ತಂದು ತೋರಿಸಬೇಕು. ಪರೀಕ್ಷಕರು ಅಸಲಿ ಎಂದು ಒಪ್ಪಿದರೆ ಗಾಜಿನ ಚೌಕಟ್ಟಿನೊಳಗೆ ತೂಗುಹಾಕಿ, ಕೆಳಗೆ ಅವನ ಹೆಸರು ಬರೆಯುತ್ತಾರೆ.

ಇತ್ತ ಮನೆಯಲ್ಲಿ ಹೆಂಡತಿ ಮೊದಲು ಕಂಡದ್ದು ಮೂಲೆಯಲ್ಲಿದ್ದ ನೇರಳೆ ಕಲೆ. ಅದು ಟಾಕೀಸಿನ ಸೀಲು. ಶಾಯಿ ಚೆಲ್ಲಿದೆಯೆಂದುಕೊಂಡು ಬ್ರೆಡ್ಡಿನ ತುಂಡಿನಿಂದ ಉಜ್ಜಿ ಉಜ್ಜಿ ತೆಗೆದಳು. ಅಷ್ಟರಲ್ಲಿ ಎದುರುಮನೆಯ ದೊಡ್ಡಮ್ಮ ಬಂದರು. ಮಡಿಕೆ ಬಿದ್ದದ್ದು ಬಟ್ಟೆಯಾಗಲಿ ಕಾಗದವಾಗಲಿ, ಅವರ ಕಣ್ಣಿಗೆ ಆಗದು. ಒದ್ದೆ ಬಟ್ಟೆ ಹಾಸಿ, ಹದವಾದ ಬಿಸಿಯಲ್ಲಿ ಎಂಟು ಮಡಿಕೆಯನ್ನೂ ಇಸ್ತ್ರಿ ಮಾಡಿ ಅಳಿಸಿದರು. ಟಾಕೀಸಿನವರು ಹೊಡೆದಿದ್ದ ಮೊಳೆಯ ತೂತುಗಳಿಗೆ, ಪುಸ್ತಕಕ್ಕೆ ರಟ್ಟು ಕಟ್ಟುವ ಮಹಡಿ ಮೇಲಿನ ಬೈಂಡರ್ ಮಾಮನನ್ನು ಕರೆಸಿದ್ದಾಯಿತು. ಅವರು ಕಾಗದ ನೆನೆಸಿ ಅರೆದು ತೂತುಗಳನ್ನೆಲ್ಲ ಮುಚ್ಚಿದರು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ.

ನಾಲ್ಕು ಗಂಟೆಗೆ ಬಂದ ಗುಮಾಸ್ತ ಬಾಗಿಲಲ್ಲೇ ನಿಂತುಬಿಟ್ಟ.

"ಏನ್ರೀ ಹಾಗೆ ನೋಡ್ತೀರಿ? ಈಗ ತಾನೇ ಅಂಗಡಿಯಿಂದ ತಂದ ಹಾಗಿದೆ ಅಲ್ವಾ?" ಎಂದಳು ಹೆಂಡತಿ.

ಮೂವರೂ ಮಧ್ಯಾಹ್ನದ ಊಟ ಬಿಟ್ಟು ದುಡಿದಿದ್ದರು. ಬೈಯಲು ಅವನಿಗೆ ಬಾಯಿ ಬರಲಿಲ್ಲ. ಚೆನ್ನಾಗಿದೆ ಎಂದು ಹೇಳಿ ಪೋಸ್ಟರು ಸುತ್ತಿಕೊಂಡು ಹೊರಟ.

ಪರೀಕ್ಷಕರು ಭೂತಗನ್ನಡಿ ಹಿಡಿದು ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು. "ಆಗಿನ ಪೋಸ್ಟರುಗಳು ಎಂಟು ಮಡಿಕೆಯಾಗಿ ಅಂಚೇಲಿ ಬರ್ತಿದ್ವು. ಇದ್ರಲ್ಲಿ ಮಡಿಕೆ ಎಲ್ಲಿದೆ ಸ್ವಾಮಿ? ಮೊಳೆ ತೂತು ಎಲ್ಲಿ, ಸೀಲು ಎಲ್ಲಿ? ಇದು ಹೊಸ ನಕಲು."

ಬೆಳಿಗ್ಗೆ ತನಕ ಎಲ್ಲವೂ ಇತ್ತು ಎಂದು ಗುಮಾಸ್ತ ನಡೆದದ್ದನ್ನೆಲ್ಲ ಮೂರು ಸಲ ವಿವರಿಸಿದ. ಹಾಗಾದರೆ ಅಳಿಸಿದವರನ್ನೇ ಕರೆತನ್ನಿ ಎಂದರು ಅವರು. ಅವನು ಎರಡು ಬೀದಿ ಓಡಿ, ಏದುಸಿರು ಬಿಡುತ್ತಾ, ಪೋಸ್ಟರಿಗೆ ಏನು ಮಾಡಿದಿರಿ ಎಂದು ಕೇಳುತ್ತಿದ್ದಾರೆ, ಬನ್ನಿ ಎಂದಷ್ಟೇ ಹೇಳಿ ಮೂವರನ್ನೂ ಹೊರಡಿಸಿದ. ಮೂವರೂ ಹೆದರಿದರು. ಪಾಪ, ನಮ್ಮಿಂದಾಗಿ ಇವನ ತಲೆಗೆ ಏನೋ ಬಂದಿದೆ, ಹೇಗಾದರೂ ಬಿಡಿಸಿಕೊಳ್ಳಬೇಕೆಂದು ದಾರಿಯಲ್ಲೇ ಪಿಸುಗುಟ್ಟಿಕೊಂಡರು.

"ದೇವರಾಣೆಗೂ ಇದನ್ನ ಯಾರೂ ಮುಟ್ಟಿಲ್ಲ ಸ್ವಾಮಿ," ಎಂದರು ದೊಡ್ಡಮ್ಮ. "ಮೊದಲಿಂದ್ಲೂ ಹೀಗೇ ನುಣ್ಣಗಿತ್ತು."

ಒಂದು ತೂತನ್ನೂ ನಾನು ಕಂಡಿಲ್ಲ ಎಂದು ಬೈಂಡರ್ ಮಾಮ ಸೇರಿಸಿದರು. ಹೆಂಡತಿ ಹೌದು ಹೌದೆಂದು ತಲೆಯಾಡಿಸಿದಳು. ನಿನ್ನನ್ನು ಉಳಿಸಿದೆವು ನೋಡು ಎಂಬಂತೆ ದೊಡ್ಡಮ್ಮ ಅವನ ಕಡೆ ಕಣ್ಣು ಮಿಟುಕಿಸಿದರು.

ಗುಮಾಸ್ತನಿಗೆ ಅಳು ಬಂತು. ಆದರೆ ಅಳುವುದಕ್ಕೂ ತ್ರಾಣ ಬೇಕು. ಇದನ್ನೇನು ಮಾಡಲಿ, ವಾಪಸ್ಸು ಒಯ್ಯುತ್ತೀರಾ ಎಂದು ಪರೀಕ್ಷಕರು ಕೇಳಿದಾಗ, "ಏನಾದ್ರೂ ಮಾಡ್ಕೊಳ್ಳಿ ಸ್ವಾಮಿ" ಎಂದು ಬೆಂಚಿನ ಮೇಲೆ ಕುಸಿದು ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಪೋಸ್ಟರು ಮೇಜಿನ ಮೇಲಿರಲಿಲ್ಲ. ಹೊರಗೆ ಬಂದರೆ, ಪುರಭವನದ ಗೇಟಿನ ಪಕ್ಕದ ಗೋಡೆಯ ಮೇಲಿತ್ತು. ಗೇಟು ಬೋಳಾಗಿ ಕಾಣುತ್ತದೆ, ನಕಲಿಗೆ ಅದೇ ಸರಿಯಾದ ಜಾಗ ಎಂದು ಪರೀಕ್ಷಕರು ಅಪ್ಪಣೆ ಕೊಟ್ಟಿದ್ದರು. ಅಲ್ಲಿನ ಆಳು ಬಕೆಟ್ಟಿನ ಗೋಂದನ್ನೆಲ್ಲ ಬಳಿದು, ಕಸುಬು ಬಲ್ಲವನಂತೆ ನಾಲ್ಕೂ ಮೂಲೆ ಒತ್ತಿ ಮುಗಿಸಿದ್ದ. ಒಳಗಿದ್ದರೆ ಯಾರು ನೋಡುತ್ತಿದ್ದರು, ಇಲ್ಲಾದರೆ ದಾರಿಹೋಕರೆಲ್ಲ ನೋಡುತ್ತಾರೆ ಎಂದು ದೊಡ್ಡಮ್ಮ ಖುಷಿಯಾಗಿದ್ದರು.

ಕಾಗದ ಗೋಂದು ಹೀರಿಕೊಂಡು ಉಬ್ಬತೊಡಗಿತು. ಕುದುರೆಯ ಹೊಟ್ಟೆಯ ಮೇಲೆ ಒಂದು ಗೆರೆ ಎದ್ದಿತು. ಸವಾರನ ಟೋಪಿಯ ಮೇಲೆ ಇನ್ನೊಂದು. ನೋಡನೋಡುತ್ತಿದ್ದಂತೆ ಎಂಟು ಮಡಿಕೆಯೂ ಮೇಲೆ ಬಂತು. ಬೈಂಡರ್ ಮಾಮ ಅರೆದು ತುಂಬಿದ್ದ ಕಾಗದ ಉದುರಿ ತೂತುಗಳು ಬಾಯಿ ತೆರೆದವು. ಕಾಗದದೊಳಗೆ ಇಂಗಿ ಉಳಿದಿದ್ದ ಶಾಯಿ ನೆನೆದು, ಮೂಲೆಯಲ್ಲಿ ಸೀಲು ಮತ್ತೆ ನೇರಳೆಯಾಗಿ ಮೂಡಿತು.

ಮನೆಗೆ ಹೊರಟಿದ್ದ ಪರೀಕ್ಷಕರು ಗಕ್ಕನೆ ನಿಂತರು. ಭೂತಗನ್ನಡಿ ಹಿಡಿದು ಗೋಡೆಗೆ ಮುಖ ಒತ್ತಿದರು. ಉಗುರಿನಿಂದ ಒಂದು ಮೂಲೆ ಕೆರೆದರು, ಚೂರು ಚೂರಾಗಿ ಬಂತು. ಆಮೇಲೆ ಗುಮಾಸ್ತನ ಕಡೆ ತಿರುಗಿದರು.

"ಇದು ಅಸಲಿ ಕಣ್ರೀ. ಬಾಯಿಬಿಟ್ಟು ಒಂದು ಮಾತು ಹೇಳ್ಬಾರದಿತ್ತಾ?"