ದ್ವೀಪದ ರವಿಕೆ ಕಣ

ಐತಪ್ಪ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದ. ಕನ್ನಡಕ ಇನ್ನೂ ಸಿಕ್ಕಿರಲಿಲ್ಲ. ಕೈಗೆ ಸಿಕ್ಕ ಬಟ್ಟೆಯೊಂದನ್ನು ಒದ್ದೆ ಮಾಡಿ ಪ್ಯಾಂಟಿನ ಮೇಲೆ ಹಾಸಿ ಒತ್ತುತ್ತಿದ್ದಾಗ ಆಫೀಸಿನಿಂದ ಫೋನ್ ಬಂತು. ಮಾರಿಷಸ್ಸಿನ ಬಟ್ಟೆ ಗಿರಣಿಗೆ ಬಣ್ಣದ ಒಪ್ಪಿಗೆ ಪತ್ರ ಇವತ್ತು ಹೋಗದಿದ್ದರೆ ನಾಳೆ ನೀನು ಬರುವುದೇ ಬೇಡ ಎಂದ ಡಚ್ ಯಜಮಾನ.

ಪತ್ರ ಎರಡು ತಿಂಗಳಿಂದ ಬ್ಯಾಗಿನಲ್ಲೇ ಇತ್ತು. ಗಿರಣಿಯವರು ಕಳಿಸಿದ ಕನಕಾಂಬರ ಬಣ್ಣದ ಮಾದರಿಯಿಂದ ಒಂದು ತುಂಡು ಕತ್ತರಿಸಿ ಅದಕ್ಕೆ ಅಂಟಿಸಬೇಕು. ಅದನ್ನು ನೋಡಿಯೇ ಅವರು ಬಟ್ಟೆಗೆ ಬಣ್ಣ ಹಾಕುವುದು. ನೋಡಿದರೆ ಮಾದರಿಯೇ ಇಲ್ಲ!

"ಪ್ರೇಮಾ, ಮೇಜಿನ ಮೇಲಿದ್ದ ಬಟ್ಟೆ ಎಲ್ಲಿ ಮಾರಾಯ್ತಿ?" ಎಂದು ಹೆಂಡತಿಯನ್ನು ಕೂಗಿದ.

"ಕನಕಾಂಬರ ಬಣ್ಣದ್ದಾ? ಶುಕ್ರವಾರ ಪದ್ಮಿನಿಗೆ ಕುಂಕುಮದ ಜೊತೆ ಕೊಟ್ಟೆನಲ್ಲ, ರವಿಕೆ ಕಣ ಅಂತ. ನನಗೆಂತ ಗೊತ್ತು?"

ಈ ಡಚ್ ಊರು ಆಮ್ಸ್ಟೆಲ್‌ವೀನಿನಲ್ಲಿ ರವಿಕೆ ಕಣವನ್ನು ಯಾರೂ ಹೊಲಿಸುವುದಿಲ್ಲ. ಅದು ಟ್ರಾಮಿನ ಹಾಗೆ ಒಂದೊಂದು ಮನೆಯಲ್ಲಿ ಸ್ವಲ್ಪ ನಿಂತು ಮುಂದಕ್ಕೆ ಹೋಗುತ್ತದೆ. ಐತಪ್ಪ ಪತ್ರವಿದ್ದ ಬ್ಯಾಗನ್ನು ಹೆಗಲಿಗೇರಿಸಿ ಸೈಕಲ್ ಹತ್ತಿದ.

"ಅಯ್ಯೋ, ನಿನ್ನೆ ತಾನೇ ಸಂಪ್ರೀತಾಗೆ ಕೊಟ್ಟೆ ಕಣ್ರೀ," ಎಂದಳು ಪದ್ಮಿನಿ. "ಅದಿರ್ಲಿ, ಆ ಮಾರಿಷಸ್ ದ್ವೀಪದಲ್ಲಿ ಹತ್ತಿ ಬೆಳೀತಾರಾ?"

"ಇಲ್ಲ. ನೂಲು ಹೊರಗಿಂದ ಬರ್ತದೆ."

"ಬಣ್ಣ?"

"ಅದೂ ಹೊರಗಿಂದ."

"ಮತ್ತೆ ಅವರದು ಅಂತ ಏನ್ರೀ ಇದೆ?"

"ಕೆಲಸ. ದೊಡ್ಡ ಗಿರಣಿಗಳ ರೇಟಿಗೆ ಕೊಡ್ಲಿಕ್ಕೆ ಆಗುದಿಲ್ಲ, ಸಣ್ಣ ಆರ್ಡರಲ್ಲಿ ಹೊಟ್ಟೆ ತುಂಬುದಿಲ್ಲ. ಹಡಗು ಅವರಿಗೋಸ್ಕರ ಕಾಯುದಿಲ್ಲ. ಒಂದು ತಪ್ಪಿದ್ರೆ ಹಂಗಾಮೇ ಹೋಯ್ತು."

"ಪಾಪ! ಅಂಥವ್ರನ್ನ ಎರಡು ತಿಂಗಳು ಕಾಯಿಸಿದ್ರಂತೆ? ಪ್ರೇಮಾ ಈಗ ಫೋನ್ ಮಾಡಿದ್ರು."

ಐತಪ್ಪ ಪೆಡಲ್ ತುಳಿದ.

ಪದ್ಮಿನಿಯಿಂದ ಫೋನಿನಲ್ಲಿ ಎಲ್ಲ ಕೇಳಿಕೊಂಡು ಸಂಪ್ರೀತಾ ಬಾಗಿಲಲ್ಲೇ ಕಾದಿದ್ದಳು. "ರುಕ್ಮಿಣಿ ಆಂಟಿಗೆ ಕೊಟ್ಬಿಟ್ಟೆ ಅಂಕಲ್! ಒಂದು ಡೌಟು, ಅಷ್ಟು ಕಷ್ಟ ಇದ್ರೆ ಆ ಗಿರಣಿಯವ್ರು ಬೇರೆ ಏನಾದ್ರೂ ಮಾಡಬಾರ್ದಾ?"

"ಅದನ್ನ ನಾಳೆ ಹೇಳ್ತೇನಮ್ಮ, ಕೆಲಸ ಹೋದ ಮೇಲೆ ಪುರುಸೊತ್ತಿರ್ತದೆ!"

ರುಕ್ಮಿಣಿ ಬೀರು ತೆಗೆದು ಕಣ ಹೊರತಂದರು. ತಿರುಗಿಸಿ ತಿರುಗಿಸಿ ನೋಡಿದರು. "ಯಾಕೋ ಇದು ಹಳೇ ಪರಿಚಯದ ಹಾಗೆ ಕಾಣುತ್ತಲ್ರೀ..."

ಕೇಳುವಷ್ಟು ತಾಳ್ಮೆ ಐತಪ್ಪನಿಗಿರಲಿಲ್ಲ. ಅಲ್ಲೇ ಕತ್ತರಿ ಬೇಡಿದ, ಕತ್ತರಿಸಿದ, ಅಂಟಿಸಿದ, ಸಹಿ ಹಾಕಿದ. ಬೀದಿ ತುದಿಯ ಕಿತ್ತಳೆ ಬಣ್ಣದ ಅಂಚೆಪೆಟ್ಟಿಗೆಗೆ ಪತ್ರವನ್ನು ಅರ್ಧ ತೂರಿಸಿದಾಗ ಪ್ರೇಮಾಳ ಫೋನ್ ಬಂತು.

"ಮಾರಾಯ್ರೆ, ನಾನು ಪದ್ಮಿನಿಗೆ ಕೊಟ್ಟದ್ದು ಹೋದ ವರ್ಷ ರುಕ್ಮಿಣಿಯೇ ನನಗೆ ಕೊಟ್ಟ ಕಣ! ನಿಮ್ಮ ದ್ವೀಪದ್ದು ಇಲ್ಲಿ ಇಸ್ತ್ರಿ ಮೇಜಿನ ಮೇಲೇ ಉಂಟು, ಗಿರಣಿಯ ಚೀಟಿ ಸಮೇತ. ಬೆಳಿಗ್ಗೆ ನೀವೇ ಒದ್ದೆ ಮಾಡಿ ಪ್ಯಾಂಟಿನ ಮೇಲೆ ಹಾಸಿದ್ದು. ಆದ್ರೂ ಒಂದು ಚೂರು ಬಣ್ಣ ಬಿಟ್ಟಿಲ್ಲ ನೋಡಿ, ಒಳ್ಳೆ ಮಾಲು!"

ಐತಪ್ಪನ ಬೆರಳು ಸಡಿಲವಾಯಿತು. ಎರಡು ತಿಂಗಳು ಅಲ್ಲಾಡದೆ ಕೂತಿದ್ದ ಪತ್ರ ರುಕ್ಮಿಣಿಯ ಕಣದ ತುಂಡಿನ ಸಮೇತ ಟಪ್ಪೆಂದು ಪೆಟ್ಟಿಗೆಯ ತಳ ಸೇರಿತು.