ಪಟ್ಟದ ಗೊಂಬೆಯ ಪಕ್ಕ ಹಳದಿ ಸಿಂಹ

ಹೆಂಡತಿಗೆ ಇತಿಹಾಸಪ್ರಜ್ಞೆ ಇಲ್ಲದಿದ್ದರೆ ಗಂಡನಾದವನು ಎಷ್ಟು ಅಂತ ಸಹಿಸಿಕೊಳ್ಳಬೇಕು, ನೀವೇ ಹೇಳಿ!

ಚಿಂತಾಮಣಿಯ ನಮ್ಮ ಮನೆಯಲ್ಲಿ ದಸರಾ ಗೊಂಬೆಗಳನ್ನು ಅಟ್ಟದಿಂದ ಇಳಿಸುವಾಗ, ಟ್ರಂಕಿನ ತಳದಲ್ಲಿ ನನ್ನ ಸಿಂಹ ಸಿಕ್ಕಿತು. ಹೆಬ್ಬೆರಳಿನ ಉಗುರಿನಷ್ಟಿರುವ ಹಳದಿ ಪ್ಲಾಸ್ಟಿಕ್ ಸಿಂಹ. ನನಗೆ ನಾಲ್ಕು ವರ್ಷವಿದ್ದಾಗ ಅಪ್ಪ ಬೆಂಗಳೂರಿನಿಂದ ತಂದ ಕಾರ್ನ್‌ಫ್ಲೇಕ್ಸ್ ಡಬ್ಬದೊಳಗೆ ಪುಕ್ಕಟೆ ಬಂದದ್ದು. (ನಮ್ಮ ಮನೆಗೆ ಬಂದ ಮೊದಲ ಡಬ್ಬ ಅದು. ಕೊನೆಯದೂ ಅದೇ. ಯಾಕೆಂದು ಯಾರೂ ಹೇಳಿರಲಿಲ್ಲ.) ಈಗಿನ ಡಬ್ಬಗಳಲ್ಲಿ ಏನಿದೆ, ಮಣ್ಣು! ಮೂಲೆಯಲ್ಲೊಂದು ಕಪ್ಪು ಚೌಕ, ಅದಕ್ಕೆ ಮೊಬೈಲ್ ಹಿಡಿಯಬೇಕಂತೆ. ನಾನು ಸಿಂಹವನ್ನು ಕಣ್ಣಿಗೊತ್ತಿಕೊಂಡು, ಎರಡು ಮುತ್ತು ಕೊಟ್ಟು, ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳ ಪಕ್ಕದಲ್ಲೇ ಮೃಗರಾಜನನ್ನು ಪ್ರತಿಷ್ಠಾಪಿಸಿದೆ.

"ರೀ, ರಾಜ-ರಾಣಿ ಪಕ್ಕ ಪ್ಲಾಸ್ಟಿಕ್ಕಾ? ಆರತಿಗೆ ಬಂದವ್ರು ನಗ್ತಾರೆ" ಎಂದಳು ನನ್ನ ಹೆಂಡತಿ ಮಹತಿ.

"ನಗ್ಲಿ ಬಿಡೇ. ಅದು ನನ್ನ ಬಾಲ್ಯ!"

ಮರುದಿನ ಸಂಜೆ ನೋಡುತ್ತೇನೆ, ಬಾಲ್ಯವೇ ಮಾಯ! ಇನ್ನೇನು ಹೆಂಗಸರು ಆರತಿಗೆ ಬರುವ ಹೊತ್ತು.

"ಗುಜರಿಗೆ ಹಾಕ್ಬಿಟ್ಯಾ? ನಿಜ ಹೇಳು!"

"ಅದನ್ನ ಕೊಟ್ರೆ ಗುಜರಿಯವ್ನು ನನ್ನನ್ನೇ ಬೈದು ಹೋಗ್ತಾನೆ!"

ಸೋಫಾದ ಕೆಳಗೆ ತಲೆ ತೂರಿಸಿ ಹುಡುಕಿದೆ. ಸಿಕ್ಕಿದ್ದು ಧೂಳು, ಎರಡು ಸೀನು. ಸುಳ್ಳೇಕೆ, ಕಣ್ಣಲ್ಲಿ ನೀರು ಬಂದಿತ್ತು.

"ಅವಳನ್ನ ಬೈಬೇಡ ಕಣೋ. ನಾನೇ ಕಾಗದ ಸುತ್ತಿ ಬಚ್ಚಲಲ್ಲಿ ಕಮೋಡಿನ ಮೇಲಿನ ಕಿಟಕೀಲಿ ಇಟ್ಟಿದೀನಿ" ಎಂದಳು ಅಮ್ಮ.

ಅಬ್ಬಾ! ಹೋದ ಜೀವ ಬಂದಂತಾಯಿತು. "ತಂದು ಮೇಲಿಡ್ತೀನಮ್ಮಾ!"

"ಬೇಡಪ್ಪಾ. ಅದು ಆರತಿ ಎತ್ತಿಸ್ಕೊಳ್ಳೋ ಸಿಂಹ ಅಲ್ಲ."

"ಯಾಕೆ?"

ಅಮ್ಮ ದನಿ ತಗ್ಗಿಸಿದಳು. "ಆ ಡಬ್ಬ ತೆಗೆದ ದಿನ ಹಾಲಿನ ಜೊತೆ ಅದನ್ನೂ ನುಂಗ್ಬಿಟ್ಟಿದ್ದೆ ನೀನು. ನಮಗೆ ಕೈಕಾಲೇ ಆಡ್ಲಿಲ್ಲ. ಎರಡು ದಿನ ಬರೀ ಬಾಳೆಹಣ್ಣು ತಿನ್ನಿಸಿ, ಕೈವಾರಕ್ಕೆ ಹರಕೆ ಹೊತ್ತೆ. ಮೂರನೇ ದಿನ ಬೆಳಿಗ್ಗೆ... ಬಂತಪ್ಪ! ನಿಮ್ಮಪ್ಪ ಕುಣಿದಾಡ್ಬಿಟ್ರು. ನೀನು ಅದೇ ಬೇಕು ಅಂತ ಹಟ ಹಿಡಿದೆ. ಸೀಗೇಪುಡಿ ಹಾಕಿ ತೊಳೆದು ಕೊಟ್ಟೆ."

ಮಹತಿ ನನ್ನ ತುಟಿಗಳನ್ನೇ ನೋಡಿದಳು. (ಎರಡು ಮುತ್ತು, ನೆನಪಿದೆಯಲ್ಲ?) ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದೆ.

ಹಿಂದಿನಿಂದ ಅವಳ ದನಿ ಕೇಳಿಸಿತು: "ರೀ, ಸಿಂಹ ಅಲ್ಲೇ ಇರ್ಲಿ. ಅದರ ಸಿಂಹಾಸನ ಇರೋದೂ ಅಲ್ಲೇ!"