ಇಡ್ಲಿ ಪಾತ್ರೆಯಲ್ಲಿ ಲಕ್ಷ ಜೀವ

ಧರ್ಮೇಂದ್ರನ ನೌಕರಿ ಒಂದು ಬಾಟಲಿ ಬಿಸಿನೀರಿನ ಮೇಲೆ ನಿಂತಿತ್ತು. ಹಿಂದೂಪುರದ ಖಾಸಗಿ ಕಾಲೇಜಿನಲ್ಲಿ ಆರು ವರ್ಷದಿಂದ ಅವನು ಹಂಗಾಮಿ ಮೇಷ್ಟ್ರು. ಕುದಿಯುವಂಥ ನೀರಿನಲ್ಲೂ ಬದುಕುವ ಸೂಕ್ಷ್ಮಜೀವಿ ತೋರಿಸಿದರೆ ಪ್ರಯೋಗಾಲಯದ ಒಂದೇ ಕಾಯಂ ಹುದ್ದೆ ಕೊಡುವುದಾಗಿ ತಪಾಸಣೆಗೆ ಬಂದಿದ್ದ ಪದ್ಮಲತಾ ಮೇಡಂ ಹೇಳಿದ್ದರು. ಗಡುವು ಇವತ್ತು ಮಧ್ಯಾಹ್ನ ಮೂರು ಗಂಟೆ.

ಬೆಳಗಾಗುತ್ತಲೇ ಬ್ರಹ್ಮಸಮುದ್ರದ ಬಳಿ ಬಿಸಿನೀರು ಉಗುಳುವ ಒಂದು ಬೋರಿನಲ್ಲಿ ನೀರು ಹಿಡಿದು, ಕಲ್ಯಾಣದುರ್ಗಕ್ಕೆ ಬಂದು ಬಸ್ಸು ಹತ್ತಿದ. ಈ ಜೀವಿಗಳ ವರಸೆಯೇ ಬೇರೆ. ಮೊಟ್ಟೆ ಬೆಂದು ಗಟ್ಟಿಯಾಗುವ ಬಿಸಿಯಲ್ಲೂ ಇವುಗಳ ಪ್ರೋಟೀನು ಕೆಡುವುದಿಲ್ಲ. ತಣ್ಣಗಾದರೆ ಮಾತ್ರ ಕಿಣ್ವಗಳು ಕೆಲಸ ನಿಲ್ಲಿಸಿ, ಇವು ಸೋಮಾರಿಗಳಂತೆ ಮಲಗಿಬಿಡುತ್ತವೆ.

ದಾರಿಯಲ್ಲಿ ರೊದ್ದಂ ಎಂಬ ಊರಿನಲ್ಲಿ ಬಸ್ಸು ಕೆಟ್ಟು ನಿಂತಿತು. ಬಾಟಲಿ ಆಗಲೇ ಉಗುರುಬೆಚ್ಚಗಾಗಿತ್ತು. ಧರ್ಮೇಂದ್ರ ಎದುರಿಗಿದ್ದ ಇಂದ್ರಾಣಿಯ ಹೋಟೆಲಿಗೆ ಓಡಿದ.

"ಅಕ್ಕಾ, ಇದನ್ನ ವಸಿ ಇಡ್ಲಿ ಪಾತ್ರೇಲಿ ಮಡಗ್ತೀರಾ?"

"ಮಗೀಗೆ ಹಾಲಾ ಸಾರ್?"

"ಅಲ್ಲಕ್ಕ, ಜೀವಗಳು. ತಣ್ಣಗಾದ್ರೆ ತಡ್ಕಳಲ್ಲ."

"ಅಯ್ಯೋ ಪಾಪ, ಚಳಿ ಆಯ್ತದೇನೋ!" ಎಂದು ಇಂದ್ರಾಣಿ ಬಾಟಲಿಯನ್ನು ಇಡ್ಲಿಗಳ ಪಕ್ಕ ಕೂರಿಸಿ ಉರಿ ಜೋರು ಮಾಡಿದಳು.

ಮೂಲೆಯಲ್ಲಿ ತಿನ್ನುತ್ತಿದ್ದ ಕೊಂಡಪ್ಪನ ಕಿವಿ ನೆಟ್ಟಗಾಯಿತು. "ಏಮಿ ಸಾರ್, ಯಾವ ಜೀವ ಅದು?"

"ಬ್ಯಾಕ್ಟೀರಿಯಾ ಕಣಣ್ಣ. ಕಣ್ಣಿಗೆ ಕಾಣಲ್ಲ, ಲಕ್ಷಗಟ್ಲೆ ಅವೆ." ಮೇಷ್ಟ್ರಲ್ಲವೆ, ವಿವರಿಸದೆ ಇರಲಾಗಲಿಲ್ಲ.

"ಇಡ್ಲಿ ಪಾತ್ರೇಗೆ ಲಕ್ಷ ಹುಳ ಬಿಟ್ಬುಟ್ಟವ್ನೆ ಕಣ್ರಲಾ!" ಎಂದು ಕೊಂಡಪ್ಪ ತಟ್ಟೆ ಬಿಟ್ಟು ಎದ್ದ. ಎರಡು ನಿಮಿಷದಲ್ಲಿ ಹೋಟೆಲು ಖಾಲಿಯಾಯಿತು.

"ಗಿರಾಕಿ ಓಡ್ಸ್ಬುಟ್ಯಲ್ಲಪ್ಪ! ಹುಳ ಇಲ್ಲ ಅಂತ ನೀನೇ ತಿಂದು ತೋರ್ಸು!" ಇಂದ್ರಾಣಿ ಬಾಗಿಲಿಗೆ ಅಡ್ಡ ನಿಂತಳು. ಊರ ಜನ ಕಿಟಕಿಯಲ್ಲಿ ಇಣುಕಿ ಎಣಿಸತೊಡಗಿದರು. ಹದಿನೆಂಟನೆಯ ಇಡ್ಲಿ ಇಳಿದ ಮೇಲೆ ರೊದ್ದಂಗೆ ನಂಬಿಕೆ ಬಂತು. ಇಂದ್ರಾಣಿಗೆ ಮರುಕವೂ ಬಂದು, ಬಾಟಲಿಯನ್ನು ಕುದಿಯುವ ಸಾಂಬಾರಿನ ಕ್ಯಾನಿನಲ್ಲಿ ಮುಳುಗಿಸಿ ಕೊಟ್ಟಳು.

ಕ್ಯಾನು ತಬ್ಬಿಕೊಂಡು, ಸಿಕ್ಕಿದ ಲಾರಿ ಹತ್ತಿ, ಮೂರಕ್ಕೆ ಐದು ನಿಮಿಷವಿರುವಾಗ ಅವನು ಕಾಲೇಜು ಸೇರಿದ.

ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. "ಭೇಷ್! ಎಲ್ಲಾ ಚುರುಕಾಗಿವೆ ಕಣ್ರೀ. ಹೋಲಿಸಿ ನೋಡೋಕೆ ಮಾಮೂಲಿ ಬಿಸಿನೀರು ಒಂದು ಹನಿ ತನ್ನಿ. ಅದ್ರಲ್ಲಿ ಏನೂ ಇರಬಾರದು."

ಧರ್ಮೇಂದ್ರ ಹಿಗ್ಗಿನಿಂದ ಸ್ಟಾಫ್ ರೂಮಿನ ಬಾಯ್ಲರಿನ ಹನಿ ತಂದ. ಮೇಡಂ ನೋಡಿಯೇ ನೋಡಿದರು.

"ಇವು ಇನ್ನೂ ಪುಷ್ಟಿಯಾಗಿವೆಯಲ್ರೀ! ಯಾರು ಸಾಕಿದ್ದು?"

ಅಟೆಂಡರ್ ಓಬುಳಪತಿ ಓಡಿ ಬಂದು ಕೈ ಮುಗಿದ. "ತಪ್ಪಾಯ್ತು ಮೇಡಂ. ತೊಳದ್ರೆ ಟೀ ರುಚಿ ಹೋಯ್ತದೆ ಅಂತ ಹನ್ನೆರಡು ವರ್ಸದಿಂದ ತೊಳ್ದಿಲ್ಲ. ಸ್ವಿಚ್ಚೂ ಆರ್ಸಿಲ್ಲ."

"ಹನ್ನೆರಡು ವರ್ಷದ ಪ್ರಯೋಗ!" ಮೇಡಂ ಕಣ್ಣರಳಿಸಿದರು.

ಸಂಜೆಯೊಳಗೆ ಬಾಯ್ಲರು ಪ್ರಯೋಗಾಲಯ ಸೇರಿತು. ಕಾಯಂ ಹುದ್ದೆ ಓಬುಳಪತಿಯ ಪಾಲಾಯಿತು. ಧರ್ಮೇಂದ್ರನಿಗೆ ಅಳುವೇ ಬಂತು.

"ಬೇಜಾರ್ ಮಾಡ್ಕಬೇಡಿ ಸಾರ್," ಓಬುಳಪತಿ ಅವನ ಕುರ್ಚಿಯಲ್ಲಿ ಕೂತು ಸಮಾಧಾನ ಹೇಳಿದ. "ನನ್ನ ಅಟೆಂಡರ್ ಜಾಗ ಖಾಲಿ ಆಯ್ತಲ್ಲ, ಹಂಗಾಮಿಗೆ ನಿಮ್ಮನ್ನೇ ಹಾಕವ್ರೆ. ಮೇಡಂಗೂ ನಂಗೂ ಒಂದೊಂದು ಟೀ ತಂದ್ಬುಡಿ."